ಗುಮ್ಮಣ್ಣ ಕೂಗಿದ ಮೂರು ವಾರ

ಮೀನು ಮಾರುಕಟ್ಟೆಯ ನಾಲ್ಕನೇ ಸಾಲಿನಲ್ಲಿ, ನಲ್ಲಿಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಬೆಳಗ್ಗೆ ಆರರಿಂದ ಮಧ್ಯಾಹ್ನ ಒಂದರವರೆಗೆ ಒಬ್ಬ ಹೆಂಗಸು ಕೂಗುತ್ತಿದ್ದಳು. ಅವಳ ಹಿಂದೆ ಕೂತು ಒಬ್ಬ ಗಂಡಸು ಸುಮ್ಮನೆ ಮೀನು ಹೆಚ್ಚುತ್ತಿದ್ದ. ಕೂಗುವವಳಿಗೆ ಮಾರುಕಟ್ಟೆ ಇಟ್ಟ ಹೆಸರು ತಮಟೆಯಮ್ಮ. ಸುಮ್ಮನಿದ್ದವನು ಗುಮ್ಮಣ್ಣ. ಗುಮ್ಮನಗುಸಕ ಎಂದು ಪೂರ್ತಿ ಹೇಳುವಷ್ಟು ಪುರುಸೊತ್ತು ಮೀನು ಮಾರುವವರಿಗೆ ಎಲ್ಲಿಂದ ಬರಬೇಕು, ಅದಕ್ಕೇ ಮೊಟಕು ಮಾಡಿಕೊಂಡಿದ್ದರು. ಇಬ್ಬರೂ ಗಂಡ ಹೆಂಡತಿ. ಇದು ಗುಮ್ಮಣ್ಣನ ಕತೆ. ಆದರೆ ಅವನ ಕತೆ ಹೇಳಲು ಹೊರಟರೆ ಮೊದಲು ಅವಳ ಗಂಟಲೇ ಅಡ್ಡ ಬರುತ್ತದೆ.

ತಮಟೆಯಮ್ಮನ ಮಾತಿನ ದನಿ ಗೊಗ್ಗರು. ಬರೀ ಗೊಗ್ಗರು ಅಂದರೆ ಸಾಲದು, ತಗಡಿನ ಮೇಲೆ ಜಲ್ಲಿ ಎಳೆದ ಹಾಗೆ. ‘ಬಂಗುಡೇ, ಬಂಗುಡೇ’ ಎಂದು ಅವಳು ಒಮ್ಮೆ ಕೂಗಿದರೆ ಗೇಟಿನಾಚೆ ಬಸ್ಸಿಗೆ ಕಾದವರು ತಿರುಗಿ ನೋಡುತ್ತಿದ್ದರು. ಅವಳು ಬೈಯುವ ವೈಖರಿ ಕೇಳಲೆಂದೇ ಕೆಲವರು ಚೌಕಾಸಿಗೆ ನಿಲ್ಲುತ್ತಿದ್ದರು. ಅದೇ ಹೆಂಗಸು ಹಾಡಲು ನಿಂತರೆ ದನಿ ತೆಳ್ಳಗೆ, ತಿಳಿಯಾಗಿ, ಎಷ್ಟು ಮೇಲಕ್ಕೆ ಹೋದರೂ ಒಂದಿಷ್ಟೂ ತಿಣುಕದೆ ಹೋಗುತ್ತಿತ್ತು. ಕ್ರಿಸ್‌ಮಸ್ ಬೆಳಗಿನ ಆರಾಧನೆಯಲ್ಲಿ ಅವಳೊಬ್ಬಳೇ ಎದ್ದು ನಿಂತು ಒಂದು ಹಾಡು ಹಾಡುವುದು ಇಪ್ಪತ್ತಾರು ವರ್ಷಗಳಿಂದ ನಡೆದುಬಂದಿತ್ತು. ವರ್ಷವಿಡೀ ಚರ್ಚಿನ ಕಡೆ ತಲೆ ಹಾಕದವರೂ ಅವತ್ತು ಬಂದು ಹಿಂದಿನ ಬೆಂಚು ಹಿಡಿಯುತ್ತಿದ್ದರು. ಯಾರೋ ಧ್ವನಿಮುದ್ರಣದವರು ಒಮ್ಮೆ ಬಂದು ಅವಳ ಹನ್ನೊಂದು ಹಾಡುಗಳ ಕ್ಯಾಸೆಟ್ ಮಾಡಿ ಹೋಗಿದ್ದರು. ಡಿಸೆಂಬರ್ ಬಂತೆಂದರೆ ಬಟ್ಟೆ ಅಂಗಡಿ, ಬೇಕರಿ, ಕ್ಷೌರದಂಗಡಿ, ಎಲ್ಲಿ ಹೋದರೂ ಅದೇ. ಅದರಲ್ಲೂ ಮೊದಲನೆಯ ಹಾಡು:

ಇಲ್ಲೇ ನಿಲ್ಲು ತಾರೆ, ಇಲ್ಲೇ ನಿಲ್ಲು,
ಕೂಸು ಮಲಗಿದೆ, ಬೆಳಕ ಮೆಲ್ಲನೆ ಚೆಲ್ಲು.

ಹಾಡು ಎಲ್ಲರಿಗೂ ಗೊತ್ತಿತ್ತು, ಹಾಡಿದವಳ ಮುಖ ಎಲ್ಲರಿಗೂ ಗೊತ್ತಿರಲಿಲ್ಲ. ಒಂದು ಡಿಸೆಂಬರಿನಲ್ಲಿ, ಮಾರುಕಟ್ಟೆಯ ಮೂಲೆಯ ಚಹಾದಂಗಡಿಯಿಂದ ಕ್ಯಾಸೆಟ್ ಹಾಡುತ್ತಿರುವಾಗಲೇ ಒಬ್ಬ ಗಿರಾಕಿ ಹೆಂಗಸು ತಮಟೆಯಮ್ಮನ ಕೈಲಿ ಚೆನ್ನಾಗಿ ಬೈಸಿಕೊಂಡಳು. ಆಕೆ ಮುಖ ಊದಿಸಿಕೊಂಡು, “ಆ ಹಾಡೋಳನ್ನ ಕೇಳಿ, ಎಷ್ಟು ಮೆತ್ತಗಿನ ಮನುಷ್ಯಳಿರಬೇಕು. ನೀವೂ ಇದ್ದೀರಿ!” ಅಂದಳು.

“ಹೂಂ ಕಣಮ್ಮಾ, ಅವಳು ಬಲು ಮೆತ್ತಗೆ. ನೀವು ಆ ಮೀನು ಹಿಚುಕೋದು ಬಿಡಿ, ಅದೂ ಮೆತ್ತಗಾಗುತ್ತೆ,” ಎಂದಳು ತಮಟೆಯಮ್ಮ. ಹಿಂದೆ ಕೂತ ಗುಮ್ಮಣ್ಣ ನಗು ತಡೆಯಲಾರದೆ ಬೆರಳು ಕುಯ್ದುಕೊಂಡ.

ಗುಮ್ಮಣ್ಣ ಮೂಗನಲ್ಲ. ಅವನಿಗೆ ಮಾತು ತೊದಲುತ್ತಿತ್ತು. ಸ್ವಲ್ಪ ಸ್ವಲ್ಪ ತೊದಲಿದರೆ ಜನ ಮುದ್ದು ಅನ್ನುತ್ತಾರೆ. ಇವನದು ಅಂಥದ್ದಲ್ಲ, ಒಂದೊಂದು ಅಕ್ಷರ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ಶಾಲೆಯಲ್ಲಿ ಹಾಜರಿ ಕೂಗಿದಾಗ ‘ಹಾಜರ್ ಸಾರ್’ ಅನ್ನುವುದು ಬಾಯಿಂದ ಹೊರಗೆ ಬರುವಷ್ಟರಲ್ಲಿ ಮೇಷ್ಟ್ರು ಮೂರು ಹೆಸರು ಮುಂದೆ ಹೋಗಿರುತ್ತಿದ್ದರು. ದಿನಾ ಶಾಲೆಗೆ ಹೋಗಿಯೂ ವರ್ಷದ ಕೊನೆಗೆ ಅವನ ಹಾಜರಿ ಅರ್ಧಕ್ಕಿಂತ ಕಡಿಮೆ ಇತ್ತು, ಊರೂರು ಅಲೆಯಲು ಹೋಗಿದ್ದೆಯಾ ಎಂದು ಅಪ್ಪ ಚರ್ಮ ಸುಲಿದ. ಶಾಲೆಗೇ ಹೋಗಿದ್ದೆ ಎಂದು ಹೇಳಬೇಕಿದ್ದರೂ ಬಾಯಿ ಬೇಕಲ್ಲ. ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುತ್ತಾರೆ. ಬಾಯಿ ಇಲ್ಲದವನು ಹನ್ನೆರಡನೇ ವಯಸ್ಸಿಗೆ ಮೀನು ಹೆಚ್ಚಲು ಕೂತ. ಕತ್ತಿಗೆ ಮಾತು ಬೇಕಿರಲಿಲ್ಲ. ಕಿವಿರು ತೆಗೆಯುವುದು, ಪೊರೆ ಉಜ್ಜುವುದು, ಬೆನ್ನ ಮುಳ್ಳು ಒಂದೇ ಎಳೆತಕ್ಕೆ ಬಿಡಿಸುವುದು, ಇದರಲ್ಲಿ ಅವನ ಸಮ ಆ ಮಾರುಕಟ್ಟೆಯಲ್ಲಿ ಇನ್ನೊಬ್ಬನಿರಲಿಲ್ಲ.

ತಮಟೆಯಮ್ಮ ಆಗ ಐಸ್ ಕಾರ್ಖಾನೆಯಿಂದ ಗಾಡಿಯಲ್ಲಿ ಐಸ್ ತಂದು ಹಾಕುತ್ತಿದ್ದಳು. ಮದುವೆಯ ಮಾತು ಎತ್ತಿದವಳೂ ಅವಳೇ. “ನೀವು ಹೆಚ್ಚಿ, ನಾನು ಕೂಗ್ತೀನಿ. ಆಗಬಹುದಾ?” ಎಂದು ಕೇಳಿದ್ದಳು. ಅವನು ತಲೆ ಆಡಿಸಿದ. ಚರ್ಚಿನಲ್ಲಿ ಪಾದ್ರಿಗಳು ಇವಳನ್ನು ಹೆಂಡತಿಯಾಗಿ ಒಪ್ಪಿಕೊಳ್ಳುತ್ತೀಯಾ ಎಂದು ಕೇಳಿದಾಗ ಮಾತ್ರ ತಲೆ ಆಡಿಸಿದರೆ ನಡೆಯಲಿಲ್ಲ. ‘ಹೌ’ ಎನ್ನುವಲ್ಲಿಗೆ ಸಿಕ್ಕಿಕೊಂಡ. ಪಾದ್ರಿಗಳು ಕಾದರು, ನೆಂಟರು ಕೆಮ್ಮಿದರು, ಮುದುಕಿಯೊಬ್ಬಳು ಹುಡುಗನಿಗೆ ಇಷ್ಟವಿಲ್ಲವೇನೋ ಎಂದು ಪಕ್ಕದವಳ ಕಿವಿಯಲ್ಲಿ ಊದಿದಳು. ಕೊನೆಗೆ ಮದುಮಗಳೇ, “ಹೌದು ಅಂತಾರೆ ಫಾದರ್, ಮುಂದಕ್ಕೆ ಹೋಗಿ,” ಎಂದಳು. ಅವತ್ತಿನಿಂದ ಗುಮ್ಮಣ್ಣ ಶುರು ಮಾಡಿದ ಮಾತನ್ನೆಲ್ಲ ಅವಳೇ ಮುಗಿಸುತ್ತಿದ್ದಳು. ಅವನು ‘ನೀ’ ಅಂದರೆ ನೀರು ಬರುತ್ತಿತ್ತು, ‘ನಾ’ ಅಂದರೆ ನಾಳೆಯ ವಿಷಯ ತೀರ್ಮಾನವಾಗುತ್ತಿತ್ತು. ಅವನಿಗೂ ಅದು ಆರಾಮವಾಗಿತ್ತು. ನಿಜ ಹೇಳಬೇಕೆಂದರೆ ಎಷ್ಟೋ ಸಲ ಅವನು ಹೇಳಹೊರಟಿದ್ದು ಅದಾಗಿರುತ್ತಿರಲಿಲ್ಲ, ಆದರೂ ಹೋಗಲಿ ಎಂದು ಬಿಟ್ಟುಬಿಡುತ್ತಿದ್ದ.

ಆ ವರ್ಷ ನವೆಂಬರ್ ಕೊನೆಗೆ ತಮಟೆಯಮ್ಮನ ಗಂಟಲು ಕೈಕೊಟ್ಟಿತು. ಮಾತಿನ ದನಿ ಕೆಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದು ಕೆಡಲು ಇನ್ನೇನು ಉಳಿದಿತ್ತು? ಕೆಟ್ಟದ್ದು ಹಾಡಿನ ದನಿ. ಮನೆಯಲ್ಲಿ ಪಾತ್ರೆ ತೊಳೆಯುತ್ತ ‘ಇಲ್ಲೇ ನಿಲ್ಲು’ ಎತ್ತಿಕೊಂಡವಳು ‘ಕೂಸು’ ಎಂಬಲ್ಲಿ ಮೇಲಕ್ಕೆ ಹೋಗಲಾರದೆ ನಿಂತಳು. ಮೂರು ಸಲ ಪ್ರಯತ್ನಿಸಿದಳು. ಆಮೇಲೆ ಪಾತ್ರೆಗಳನ್ನು ಅರ್ಧಕ್ಕೇ ಬಿಟ್ಟು ಕೈ ಒರೆಸಿಕೊಂಡು ಎದ್ದಳು. ಮಾರನೇ ದಿನವೇ ಗುಮ್ಮಣ್ಣ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ.

ಗಂಟಲ ಡಾಕ್ಟರಮ್ಮ ಕನ್ನಡಿ ಹಾಕಿ ನೋಡಿ, “ಗಂಟಲೊಳಗೆ ಎರಡು ಗಂಟು ಎದ್ದಿವೆ. ಹಾಡುವಾಗ ನೀವು ಹೊಟ್ಟೆಯಿಂದ ಉಸಿರು ತರ್ತೀರ, ಮಾತಾಡುವಾಗ ಗಂಟಲಿನ ಜೊತೆ ಜಗಳ ಆಡ್ತೀರ. ಮೂವತ್ತು ವರ್ಷ ಕೂಗಿದ್ದೀರಲ್ಲ, ಅದರ ಫಲ,” ಅಂದರು. ಕ್ರಿಸ್‌ಮಸ್‌ಗೆ ಹಾಡಬೇಕಾದರೆ ಏನು ಮಾಡಬೇಕು ಎಂದು ಇವಳು ಕೇಳಿದ್ದಕ್ಕೆ, “ಮೂರು ವಾರ ಒಂದಕ್ಷರ ಆಡಬಾರದು. ಪಿಸುಗುಟ್ಟೋದಂತೂ ಕೂಗೋದಕ್ಕಿಂತ ಕೆಟ್ಟದ್ದು. ಆಮೇಲೆ ನೋಡೋಣ. ಮಾತು ಕೊಡಲ್ಲ ನಾನು,” ಎಂದರು.

ಸುಮ್ಮನಿರುವುದೆಂದರೆ ತಮಟೆಯಮ್ಮನಿಗೆ ಉಸಿರು ಹಿಡಿದಷ್ಟೇ ಕಷ್ಟ. ಆದರೂ ಆ ಹಾಡಿಗಾಗಿ ಒಪ್ಪಿಕೊಂಡಳು. ವರ್ಷದಲ್ಲಿ ಮುನ್ನೂರ ಅರವತ್ತನಾಲ್ಕು ದಿನ ಅವಳು ಮೀನಿನವಳು, ಒಂದು ದಿನ ಮಾತ್ರ ಊರು ಅವಳ ಮುಂದೆ ತೆಪ್ಪಗೆ ಕೂರುತ್ತಿತ್ತು. ಆ ಒಂದು ದಿನ ಹೋದರೆ ತಾನು ಬರೀ ತಮಟೆ ಎಂದು ಅವಳಿಗೆ ಗೊತ್ತಿತ್ತು. ಗುಮ್ಮಣ್ಣನಿಗೂ ಗೊತ್ತಿತ್ತು. ಬಾಯಿಗೊಂದು ಬಟ್ಟೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಳು. ಮಾತಿನ ಬದಲು ಅರ್ಧ ಕಿಲೋ ತೂಕದ ಕಲ್ಲಿನಿಂದ ತಕ್ಕಡಿಯ ತಟ್ಟೆಯನ್ನು ಕುಟ್ಟುವುದು ಎಂದಾಯಿತು. ಒಂದು ಸಲ ಕುಟ್ಟಿದರೆ ಹೌದು. ಎರಡು ಸಲ ಕುಟ್ಟಿದರೆ ಬೇಡ. ಮೂರು ಸಲ ಕುಟ್ಟಿದರೆ ದಡ್ಡ.

ಕೂಗುವ ಕೆಲಸ ಗುಮ್ಮಣ್ಣನ ಪಾಲಿಗೆ ಬಂತು. ಮೊದಲ ದಿನ ಅವನು ಎದ್ದು ನಿಂತು “ಬ... ಬ... ಬ...” ಎಂದ. ‘ಬ’ ಅವನಿಗೆ ಎಲ್ಲಕ್ಕಿಂತ ಕಷ್ಟದ ಅಕ್ಷರ, ಇರುವ ಮೀನೆಲ್ಲ ಬಂಗುಡೆ. ಎದುರು ಕಟ್ಟೆಯಲ್ಲಿ ಸಿಗಡಿ ಮಾರುವ ಸಿಗಡಿಯಕ್ಕ, “ಅಣ್ಣಾ, ನೀವು ಹೇಳಿ ಮುಗಿಸೋಷ್ಟರಲ್ಲಿ ಅದು ಒಣಮೀನಾಗಿರುತ್ತೆ,” ಎಂದಳು. ಸುತ್ತಲಿನವರು ನಕ್ಕರು. ಅವನು ಕೂತುಬಿಟ್ಟ. ನಾಲ್ಕು ದಿನ ಮುಕ್ಕಾಲು ಬುಟ್ಟಿ ಮೀನು ಐಸ್ ಕರಗಿದ ನೀರಿನಲ್ಲಿ ಹಾಗೇ ಉಳಿಯಿತು. ನಾಲ್ಕನೆಯ ದಿನ ತಮಟೆಯಮ್ಮ ಬಾಯಿಗೆ ಕಟ್ಟಿದ ಬಟ್ಟೆಗೆ ಕೈ ಹಾಕಿದಳು. ಇನ್ನೇನು ಬಿಚ್ಚುತ್ತಾಳೆ, ಕೂಗುತ್ತಾಳೆ ಎಂದು ಗುಮ್ಮಣ್ಣ ಕತ್ತಿ ಕೆಳಗಿಟ್ಟ. ಅವಳು ಏನೋ ನೆನಪಾದವಳಂತೆ ಕೈ ಇಳಿಸಿ, ಮೀನು ಸುತ್ತುವ ಕಾಗದದ ಮೇಲೆ ಸೀಸದ ಕಡ್ಡಿಯಿಂದ ಬರೆದು ಅವನ ಮುಂದೆ ಹಿಡಿದಳು: ‘ಹಾಡಿ.’

ನಲ್ಲಿ ಬಿಟ್ಟುಕೊಂಡು ಪೊರೆ ಉಜ್ಜುವಾಗ, ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸದು ಎಂಬ ಧೈರ್ಯದಲ್ಲಿ, ಗುಮ್ಮಣ್ಣ ಹಾಡಿಕೊಳ್ಳುತ್ತಿದ್ದ. ಹಾಡುವಾಗ ಅವನಿಗೆ ತೊದಲು ಬರುತ್ತಿರಲಿಲ್ಲ. ತನ್ನ ಗುಟ್ಟು ತನಗೊಬ್ಬನಿಗೇ ಗೊತ್ತು ಎಂದು ಅವನು ಇಷ್ಟು ವರ್ಷ ನಂಬಿದ್ದ. “ನಾ... ನಾ... ನಾನು ಹೇ...” ಎಂದು ಶುರು ಮಾಡಿದ. ಅವಳು ಮೂರು ಸಲ ಕುಟ್ಟಿದಳು.

ಯಾವ ಹಾಡು ಎಂದು ಯೋಚಿಸಲು ಅವನಿಗೆ ಹೊತ್ತಿರಲಿಲ್ಲ. ತಲೆಯಲ್ಲಿದ್ದದ್ದು ಒಂದೇ ರಾಗ. ಕಣ್ಣು ಮುಚ್ಚಿಕೊಂಡು ಎತ್ತಿದ:

ಇಲ್ಲೇ ಬನ್ನಿ ಅಮ್ಮಾ, ಇಲ್ಲೇ ಬನ್ನಿ,
ಬಂಗುಡೆ ಬಂದಿದೆ, ಬುಟ್ಟಿ ಬೇಗನೆ ತನ್ನಿ.

‘ಬ’ ಬಂತು. ಒಂದಲ್ಲ, ಐದಾರು ‘ಬ’ಗಳು ಒಂದರ ಹಿಂದೊಂದು ಎಣ್ಣೆ ಹಚ್ಚಿದ ಹಾಗೆ ಜಾರಿ ಬಂದವು. ಸಿಗಡಿಯಕ್ಕನ ಕೈ ತಕ್ಕಡಿಯ ಮೇಲೆ ಹಾಗೇ ನಿಂತಿತು. “ಅಯ್ಯೋ, ಗುಮ್ಮಣ್ಣ ಬಾಯಿ ಬಿಟ್ಟ ಕಣ್ರೇ!” ಎಂದು ಯಾರೋ ಕಿರುಚಿದರು. ಜನ ಮುಗಿಬಿದ್ದರು. ಹತ್ತು ಗಂಟೆಗೆ ಬುಟ್ಟಿ ಖಾಲಿಯಾಗಿತ್ತು.

ಮುಂದಿನ ಎರಡು ವಾರ ಗುಮ್ಮಣ್ಣನ ಬದುಕಿನಲ್ಲೇ ಹಿಂದೆ ಬಂದಿರದಂಥ ದಿನಗಳು. ಗಿರಾಕಿಗಳ ಜೊತೆ ಅವನು ಆ ರಾಗದಲ್ಲೇ ಮಾತಾಡಿದ. ತಲೆ ಬೇಕೇ ತೆಗೆಯಲೇ, ಹೋಳು ದಪ್ಪವೇ ಸಣ್ಣವೇ, ಮನೆಯಲ್ಲಿ ಎಲ್ಲರೂ ಕ್ಷೇಮವೇ, ಎಲ್ಲವೂ ರಾಗದಲ್ಲಿ. ಜನ ಅವನ ಮಾತಿಗಾಗಿ ಕಾದು ನಿಂತರು. ಇಷ್ಟು ವರ್ಷ ಅವನ ಮಾತಿಗೆ ಕಾಯುವುದೆಂದರೆ ಎಲ್ಲರಿಗೂ ಶಿಕ್ಷೆಯಾಗಿತ್ತು. ಈಗ ಬೇಕಂತಲೇ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. ಮನೆಗೆ ಹೋಗುವ ದಾರಿಯಲ್ಲಿ ಗುರುತಿಲ್ಲದವರೂ ಕೈ ಎತ್ತುತ್ತಿದ್ದರು. ಅವನಿಗೆ ತುಂಬ ಖುಷಿಯಾಗಿತ್ತು, ಅದನ್ನು ಮುಚ್ಚಿಟ್ಟುಕೊಳ್ಳಲೂ ಅವನಿಗೆ ಬರಲಿಲ್ಲ.

ಆದರೆ ರಾಗಕ್ಕೆ ಕಾಲಿದೆ, ಅದು ಮಾರುಕಟ್ಟೆಯ ಗೇಟು ದಾಟಿ ಹೋಯಿತು. ಬಸ್ ಕಂಡಕ್ಟರು ಟಿಕೆಟ್ ಹರಿಯುತ್ತ ಬಂಗುಡೆ ಹಾಡಿದ. ಬೇಕರಿಯಲ್ಲಿ ಕ್ಯಾಸೆಟ್ ಹಾಕಿದರೆ ಕ್ಯೂನಲ್ಲಿ ನಿಂತವರು ಅದರ ಮೇಲೆಯೇ ಬಂಗುಡೆ ಸೇರಿಸಿದರು. ಕ್ರಿಸ್‌ಮಸ್‌ಗೆ ಮೂರು ದಿನ ಇದೆ ಅನ್ನುವಾಗ ಚರ್ಚಿನಲ್ಲಿ ಆರ್ಗನ್ ನುಡಿಸುವ ಮೇಷ್ಟ್ರು ಮಾರುಕಟ್ಟೆಗೆ ಬಂದರು. ತಮಟೆಯಮ್ಮ ಡಾಕ್ಟರಮ್ಮನ ಹತ್ತಿರ ಹೋಗಿದ್ದಳು. ಮೇಷ್ಟ್ರು ಒದ್ದೆ ನೆಲದಲ್ಲಿ ಪಂಚೆ ಎತ್ತಿ ಹಿಡಿದು ನಿಂತು ಹೇಳಿದರು:

“ಅಲ್ಲಯ್ಯಾ, ಏನು ಮಾಡಿಟ್ಟೆ ನೀನು? ನಿನ್ನೆ ಅಭ್ಯಾಸಕ್ಕೆ ಕೂತಿದ್ವಿ. ‘ಕೂಸು ಮಲಗಿದೆ’ ಅಂತ ನಾನು ನುಡಿಸಿದ್ದೇ ತಡ, ಮೇಳದ ಹೆಂಗಸರೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದು ನಗ್ತಾರೆ. ನನಗೇ ಬಂಗುಡೆ ಕಾಣ್ತು. ನಿನ್ನ ಹೆಂಡತಿ ಮೊನ್ನೆ ಮೊನ್ನೆ ಹಾಡಿದ ಹಾಡಲ್ಲ ಅದು. ಇಪ್ಪತ್ತಾರು ವರ್ಷದ್ದು. ಹದಿನೈದು ದಿನದಲ್ಲಿ ಅದನ್ನ ಮೀನು ಮಾಡಿಬಿಟ್ಟೆ.”

ಬೇರೆ ಹಾಡು ಹಾಡಲಿ ಎನ್ನೋಣವೆಂದರೆ ಅವಳು ಅಭ್ಯಾಸ ಮಾಡುವ ಹಾಗಿಲ್ಲ. ಗುಮ್ಮಣ್ಣ ಅಡಕತ್ತರಿಯಲ್ಲಿ ಸಿಕ್ಕಿದ. ಯಾವ ಹಾಡಿಗೋಸ್ಕರ ಅವಳು ಇಷ್ಟು ದಿನ ನಾಲಿಗೆ ಕಚ್ಚಿಕೊಂಡು ಕೂತಿದ್ದಾಳೋ ಆ ಹಾಡನ್ನೇ ತಾನು ಊರಿನ ನಗೆಪಾಟಲಿಗೆ ಇಟ್ಟಿದ್ದ. ಅವನ ಬಾಯಿ ಮತ್ತೆ ಮುಚ್ಚಿತು. ಗಿರಾಕಿಗಳು ಕಾದರು, ಸಿಗಡಿಯಕ್ಕ “ಹಾಡಿ ಅಣ್ಣಾ” ಎಂದು ಗೋಗರೆದಳು, ಅವನು ತಲೆ ಎತ್ತದೆ ಹೆಚ್ಚಿದ.

ಡಾಕ್ಟರಮ್ಮ ಗಂಟು ಸ್ವಲ್ಪ ಇಳಿದಿದೆ, ಒಂದೇ ಹಾಡು ಹಾಡಬಹುದು, ಅದಕ್ಕೆ ಮುಂಚೆ ಮಾತು ಬೇಡವೇ ಬೇಡ ಎಂದು ಬರೆದುಕೊಟ್ಟಿದ್ದರು. ಆ ಚೀಟಿ ಹಿಡಿದು ನಗುನಗುತ್ತ ಬಂದ ತಮಟೆಯಮ್ಮನಿಗೆ ಗಂಡನ ಮುಖ ಕಂಡಿತು. ಸಂಜೆ ಅಡುಗೆಮನೆಯಲ್ಲಿ ಅವಳು ಅವನ ಎದುರು ಮಣೆ ಹಾಕಿಕೊಂಡು ಕೂತು, ಏನು ಎಂದು ಹುಬ್ಬು ಹಾರಿಸಿದಳು.

“ನಾ... ನಾ... ನಾನು ನಿ... ನಿ...” ಎಂದು ಅವನು ತೊಡಗಿದ. ಅಭ್ಯಾಸಬಲದಿಂದ ಅಲ್ಲಿಗೆ ನಿಲ್ಲಿಸಿ ಅವಳು ಮುಗಿಸಲೆಂದು ಕಾದ. ಅವಳು ಮುಗಿಸುವ ಹಾಗಿರಲಿಲ್ಲ. ಅವನೇ ಹೇಳಬೇಕಾಯಿತು. ನಾನು ನಿನ್ನ ಹಾಡು ಕೆಡಿಸಿದೆ, ಜನ ನಗುತ್ತಾರೆ, ನನಗೆ ಬೇರೆ ರಾಗ ಗೊತ್ತಿರಲಿಲ್ಲ, ನನ್ನ ಮಾತು ಕೇಳಲು ಜನ ನಿಂತರಲ್ಲ ಎಂಬ ಆಸೆಗೆ ನಿಲ್ಲಿಸದೇ ಹೋದೆ. ಇಷ್ಟು ಹೇಳಲು ಒಲೆಯ ಮೇಲಿಟ್ಟ ನೀರು ಕುದಿದು ಅರ್ಧವಾಯಿತು. ಅವಳು ಒಲೆ ಆರಿಸಲೂ ಏಳದೆ, ಅವನ ಬಾಯಿಯನ್ನೇ ನೋಡುತ್ತ, ಕೊನೆಯ ಅಕ್ಷರದವರೆಗೂ ಕೇಳಿದಳು. ಮದುವೆಯಾದ ಮೇಲೆ ಅವನ ಒಂದು ಮಾತನ್ನು ಅವಳು ಪೂರ್ತಿ ಕೇಳಿದ್ದು ಅದೇ ಮೊದಲು. ಕೇಳಿ ಮುಗಿದ ಮೇಲೆ ಅವಳ ಕಣ್ಣು ಒದ್ದೆಯಾಗಿತ್ತು. ಸೌಟು ತೆಗೆದುಕೊಂಡು ಪಾತ್ರೆಗೆ ಮೂರು ಸಲ ಕುಟ್ಟಿದಳು.

ಕ್ರಿಸ್‌ಮಸ್ ಬೆಳಿಗ್ಗೆ ಚರ್ಚು ತುಂಬಿತ್ತು. ಗುಮ್ಮಣ್ಣ ಎಂದಿನಂತೆ ಹಿಂದಿನ ಬಾಗಿಲ ಪಕ್ಕದ ಕಂಬಕ್ಕೆ ಒರಗಿ ನಿಂತ. ತಮಟೆಯಮ್ಮ ಎದ್ದು ಮುಂದಕ್ಕೆ ಹೋದಳು. ಮೀನಿನ ವಾಸನೆ ಹೋಗಲೆಂದು ಮೂರು ಸಲ ತೊಳೆದ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡಳು. ಮೇಷ್ಟ್ರು ಆರ್ಗನ್ ಮೇಲೆ ಬೆರಳಿಟ್ಟರು.

‘ಇಲ್ಲೇ ನಿಲ್ಲು ತಾರೆ.’ ದನಿ ಬಂತು, ತೆಳ್ಳಗೆ, ತಿಳಿಯಾಗಿ. ಗುಮ್ಮಣ್ಣ ಕಂಬ ಬಿಟ್ಟು ನೆಟ್ಟಗೆ ನಿಂತ. ಅಷ್ಟರಲ್ಲೇ ಎಡಗಡೆಯ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅದು ಪಕ್ಕದವರಿಗೆ ಹತ್ತಿತು, ಅವರ ಹಿಂದಿನವರಿಗೆ ಹತ್ತಿತು. ನಗಬಾರದು ಎಂದು ಒತ್ತಿ ಹಿಡಿದಷ್ಟೂ ನಗು ಉಕ್ಕುವ ಜಾಗ ಚರ್ಚು. ಸಾಲು ಸಾಲು ಭುಜಗಳು ಕುಲುಕಿದವು. ಗುಮ್ಮಣ್ಣನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ನಿಲ್ಲಿಸಲಿಲ್ಲ. ಸಾಲು ಮುಗಿಸಿ, ಉಸಿರು ತೆಗೆದುಕೊಂಡು, ‘ಕೂಸು’ ಎಂದು ಮೇಲಕ್ಕೆ ಎತ್ತಿದಳು.

ದನಿ ಬರಲಿಲ್ಲ. ಬರೀ ಗಾಳಿ ಬಂತು. ಮೂವತ್ತು ವರ್ಷದ ಕೂಗು ಮೂರು ವಾರದ ಮೌನಕ್ಕೆ ಮಾಯುತ್ತದೆಯೇ? ಆ ಮೇಲಿನ ದನಿ ಅವಳಿಗೆ ಮುಂದೆಂದೂ ಬರಲಿಲ್ಲ, ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮತ್ತೊಮ್ಮೆ ಬಾಯಿ ತೆರೆದಳು, ಮತ್ತೆ ಗಾಳಿ. ಕೈ ಗಂಟಲಿಗೆ ಹೋಯಿತು. ನಗು ನಿಂತಿತು. ಮುನ್ನೂರು ಜನ ಅವಳನ್ನು ನೋಡುತ್ತಿದ್ದರು, ಮೇಷ್ಟ್ರು ಒತ್ತಿ ಹಿಡಿದ ಒಂದೇ ಸ್ವರ ಎಳೆದುಕೊಂಡೇ ಇತ್ತು.

ಆ ಹಾಡಿನ ಸರಿಯಾದ ಮಾತುಗಳು ಗುಮ್ಮಣ್ಣನಿಗೆ ಗೊತ್ತಿರಲಿಲ್ಲವೆಂದೇನಲ್ಲ. ಆದರೆ ಎರಡು ವಾರದಿಂದ ನಾಲಿಗೆ ಓಡಿದ್ದು ಒಂದೇ ದಾರಿಯಲ್ಲಿ, ಮತ್ತು ಆ ಗಳಿಗೆಯಲ್ಲಿ ಆರಿಸಿಕೊಳ್ಳುತ್ತ ಕೂರಲು ಅವನಿಂದ ಆಗಲಿಲ್ಲ. ಹಿಂದಿನ ಬಾಗಿಲಿನಿಂದ, ಮಾರುಕಟ್ಟೆಗೆ ಕೇಳಿಸುವಷ್ಟು ಗಟ್ಟಿಯಾಗಿ, ಅವಳು ಬಿಟ್ಟ ಜಾಗದಿಂದಲೇ ಎತ್ತಿಕೊಂಡ:

“ಬಂಗುಡೆ ಬಂದಿದೆ, ಬುಟ್ಟಿ ಬೇಗನೆ ತನ್ನಿ.”

ಒಬ್ಬರೂ ನಗಲಿಲ್ಲ. ಸಿಗಡಿಯಕ್ಕ ಬೆಂಚಿನಲ್ಲಿ ತಿರುಗಿ ನೋಡಿದಳು, ಅವಳ ಗಲ್ಲದ ಮೇಲೆ ನೀರಿಳಿಯುತ್ತಿತ್ತು. ಮೇಷ್ಟ್ರು ಒಂದು ಕ್ಷಣ ತಡೆದು, ಎರಡನೆಯ ಚರಣಕ್ಕೆ ನುಡಿಸಿದರು. ಅದಕ್ಕೆ ಮೀನಿನ ಮಾತು ಇರಲಿಲ್ಲ. ಮಾರುಕಟ್ಟೆಯಲ್ಲಿ ಅಲ್ಲಿಯವರೆಗೆ ಹೋಗುವ ಅಗತ್ಯ ಬಿದ್ದಿರಲಿಲ್ಲ. ಗುಮ್ಮಣ್ಣ ಹಾಡಿನ ಮಾತನ್ನೇ ಹಾಡಿದ. ಹಾಡುತ್ತ ಮುಂದಕ್ಕೆ ನಡೆದು ಹೆಂಡತಿಯ ಪಕ್ಕ ಹೋಗಿ ನಿಂತ. ಎಲ್ಲೂ ತೊದಲಲಿಲ್ಲ. ತಮಟೆಯಮ್ಮ ಗಂಟಲ ಮೇಲಿನ ಕೈ ತೆಗೆದು ಅವನ ತೋಳು ಹಿಡಿದುಕೊಂಡಳು, ಹಾಡು ಮುಗಿಯುವವರೆಗೂ ಅವನ ಬಾಯಿಯನ್ನೇ ನೋಡುತ್ತ ನಿಂತಳು.